ಹಂಗೇರಿಯ ಹಲಗೆಗೆ ಬಂದವಳು

ಬೆಳಗಿನಿಂದ ಗೌರವ್ವ ಮೆಟ್ಟಿಲು ಹತ್ತಿ ಇಳಿದದ್ದು ಇದು ಆರನೆಯ ಸಲ. ಮೇಲೆ ಅವಳಿಗೆ ಏನೂ ಕೆಲಸವಿರಲಿಲ್ಲ, ಕೆಳಗೂ ಇರಲಿಲ್ಲ. ಹತ್ತುವಾಗ ಕಿಟಕಿಯಿಂದ ಒಮ್ಮೆ ಹೊರಗೆ ನೋಡುವಳು, ಇಳಿದು ಬಂದು ಹಿಂದಿನ ಬಾಗಿಲು ತೆರೆದು ಇನ್ನೊಮ್ಮೆ ನೋಡುವಳು. ಎರಡೂ ಕಡೆ ಅದೇ ದೇವದಾರು ಮರಗಳು, ಅದೇ ಜಿನುಗು ಮಳೆ. ಕಾಲಿಗೆ ಚಕ್ರ ಕಟ್ಟಿಕೊಂಡವರು ಎಲ್ಲಿಗಾದರೂ ಹೋಗುತ್ತಾರೆ. ಗೌರವ್ವನ ಚಕ್ರ ಅಮೆರಿಕದ ಸ್ನೊಕ್ವಾಲ್ಮಿಯ ಆ ಮನೆಯೊಳಗೇ ಸುತ್ತುತ್ತಿತ್ತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡಿದ್ದ ಮಗಳು ಸ್ವಪ್ನಾ, ತಾಯಿಯ ಹೆಜ್ಜೆ ಎಣಿಸುತ್ತ ಎಣಿಸುತ್ತ ಒಂದೇ ಸಾಲನ್ನು ನಾಲ್ಕು ಸಲ ಓದಿದಳು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣದ ಗುಳಿಗೆ ಬರೆದುಕೊಟ್ಟು, ಕಾಲಿನ ಚಡಪಡಿಕೆಗೆ ಒಂದು ಇಂಗ್ಲಿಷ್ ಹೆಸರು ಹೇಳಿ ಕಳಿಸಿದ್ದರು. ಗೌರವ್ವ ಗುಳಿಗೆ ನುಂಗಿದಳು, ಹೆಸರನ್ನು ನಂಬಲಿಲ್ಲ. ಕಾರಣ ಏನೆಂದು ಅವಳಿಗೆ ಗೊತ್ತಿತ್ತು. ಈ ದೇಶಕ್ಕೆ ಬಂದು ನಾಲ್ಕು ವರ್ಷವಾಯಿತು, ನಾಲ್ಕು ವರ್ಷದಿಂದ ದ್ಯಾಮವ್ವ ಅವಳ ಮೈಮೇಲೆ ಬಂದಿರಲಿಲ್ಲ.

ಪಾಸ್‌ಪೋರ್ಟಿನಲ್ಲಿ ಗೌರಾದೇವಿ ಎಂದಿರುವ ಈ ಹೆಂಗಸು ಸವಣೂರಿನ ತನ್ನ ಓಣಿಯಲ್ಲಿ ಸಾಮಾನ್ಯದವಳಲ್ಲ. ಮಂಗಳವಾರ ಸಂಜೆ ಗುಡಿಯ ಮುಂದೆ ದ್ಯಾಮಣ್ಣ ಹಲಗೆ ಬಾರಿಸಿದನೆಂದರೆ ಗೌರವ್ವನ ಹೆಗಲು ಅದುರುತ್ತಿತ್ತು, ತುರುಬು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು, ದೇವಿ ಬರುತ್ತಿದ್ದಳು. ಹಣೆಗೆ ಭಂಡಾರ ಹಚ್ಚಿ, ಕೈಗೆ ಲಿಂಬೆಹಣ್ಣು ಕೊಟ್ಟು ಜನ ಹೇಳಿಕೆ ಕೇಳುತ್ತಿದ್ದರು. ತಪ್ಪಿಸಿಕೊಂಡ ಎಮ್ಮೆ, ಕೂಡಿಬರದ ಲಗ್ನ, ಮುಗಿಯದ ಕೋರ್ಟು ಕಚೇರಿ, ಏನು ಬೇಕಾದರೂ. ದೇವಿ ಹೇಳುವುದನ್ನು ಹೇಳಿ ಹೋದ ಮೇಲೆ ಗೌರವ್ವ ಒಂದು ತಂಬಿಗೆ ನೀರು ಕುಡಿದು, ಸೆರಗು ಸರಿಮಾಡಿಕೊಂಡು, ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದಳು. ಏನು ಹೇಳಿದೆ ಎಂದು ಅವಳನ್ನು ಯಾರೂ ಕೇಳುವಂತಿರಲಿಲ್ಲ. ಬಾಯಿ ಅವಳದು, ಮಾತು ದೇವಿಯದು, ಅದು ಅಲ್ಲಿಯ ಕಟ್ಟಳೆ.

ಅಂಥ ನೂರಾರು ಹೇಳಿಕೆಗಳಲ್ಲಿ ಒಂದನ್ನು ಮಾತ್ರ ಸ್ವಪ್ನಾ ಮರೆತಿರಲಿಲ್ಲ.

ಅಕ್ಕ ಜಾಹ್ನವಿ ಆಗ ಇಪ್ಪತ್ತೆರಡರವಳು, ಸ್ವಪ್ನಾ ಹದಿನೇಳರವಳು. ನಸುಕಿಗೆ ಎದ್ದು ಹೈಸ್ಕೂಲು ಮೈದಾನದಲ್ಲಿ ಓಡಿ ಓಡಿ, ಊರ ಹುಡುಗರ ಚಾಷ್ಟಿಗೆ ಕಿವಿಗೊಡದೆ, ಜಾಹ್ನವಿ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಆಯ್ಕೆಯಾಗಿದ್ದಳು. ತರಬೇತಿಗೆ ಬಂದು ಹಾಜರಾಗು ಎಂಬ ಪತ್ರ ಬಂದ ವಾರವೇ, ಅಪ್ಪ ನಾಗಲಿಂಗಪ್ಪ ಗುಡಿಯ ಮುಂದೆ ಎಲ್ಲರೆದುರು ಹೇಳಿಕೆ ಕೇಳಿದ. ಕೂದಲು ಕೆದರಿಕೊಂಡು ನಡುಗುತ್ತಿದ್ದ ಗೌರವ್ವನ ಬಾಯಿಂದ ಮಾತು ಬಂತು: "ಖಾಕಿ ತೊಟ್ಟು ಹುಡುಗಿ ಸೀಮಿ ದಾಟಿದ್ರ ಈ ಮನಿ ದೀಪ ಆರತೈತಿ." ಅಷ್ಟೇ. ಪತ್ರ ಟ್ರಂಕಿನ ತಳ ಸೇರಿತು. ದೇವಿಗೆ ಎದುರಾಡುವುದುಂಟೆ? ಜಾಹ್ನವಿ ಎದುರಾಡಲಿಲ್ಲ. ತಾಯಿಯ ಕೂಡ ಮಾತು ಬಿಟ್ಟಳು. ಮದುವೆಯಾಗಿ ಹಾವೇರಿಗೆ ಹೋದಳು, ಹೊಲಿಗೆ ತರಗತಿ ಇಟ್ಟಳು, ಎರಡು ಮಕ್ಕಳನ್ನು ಹೆತ್ತಳು. ಅಪ್ಪ ತೀರಿಕೊಂಡಾಗ ಬಂದು ಮೂರು ದಿನ ತಾಯಿಯ ಪಕ್ಕದಲ್ಲೇ ಕೂತು, ಒಂದು ಮಾತೂ ಆಡದೆ ಬಸ್ಸು ಹತ್ತಿದಳು.

ಅವತ್ತು ಮಾತಾಡಿದ್ದು ದೇವಿಯೋ, ಅವ್ವನೋ? ಇಪ್ಪತ್ತೈದು ವರ್ಷದಿಂದ ಸ್ವಪ್ನಾಳ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು ಇದೊಂದೇ. ನಾರ್ತ್ ಕ್ರೀಕಿನ ಆಫೀಸಿನಲ್ಲಿ ಕಂಡವರ ಕಂಪ್ಯೂಟರ್ ಪ್ರೋಗ್ರಾಮುಗಳ ತಪ್ಪನ್ನೆಲ್ಲ ಬುಡಸಮೇತ ಹುಡುಕಿ ತೆಗೆಯುವವಳಿಗೆ ತನ್ನ ಮನೆಯ ಈ ಒಂದು ಮಾತಿನ ಬುಡ ಸಿಕ್ಕಿರಲಿಲ್ಲ. ದೇವಿಯಾಗಿದ್ದರೆ ಅವ್ವನನ್ನು ಮನಸಾರೆ ಅಪ್ಪಿಕೊಳ್ಳಬಹುದಿತ್ತು. ಅವ್ವನೇ ಆಗಿದ್ದರೆ ಒಮ್ಮೆ ಬಾಯಿ ತುಂಬ ಬೈದು ಹಗುರಾಗಬಹುದಿತ್ತು. ಎರಡೂ ಆಗದೆ, ತಾಯಿಗೆ ದಿನವೂ ಬಿಸಿ ಚಹಾ ಕೊಡುತ್ತ, ಗುಳಿಗೆ ಕೊಡುತ್ತ, ಮುಖ ಮಾತ್ರ ಕೊಡದೆ ನಾಲ್ಕು ವರ್ಷ ಕಳೆದಿದ್ದಳು. ಒಂದೆರಡು ಸಲ ಕೇಳಿಯೂ ಇದ್ದಳು. "ಬಾಯಾಗ ಬಂದದ್ದು ನನಗೇನ್ ಗೊತ್ತವ್ವಾ," ಎಂದು ಗೌರವ್ವ ಎದ್ದು ಮೆಟ್ಟಿಲು ಹತ್ತಿದ್ದಳು.

ಈಗ ಆ ತಾಯಿ ಹೊರಟು ನಿಂತಿದ್ದಳು. "ಅಕಿ ಸೀಮಿ ಕಾಯೂ ದೇವಿ, ಸಮುದ್ರ ದಾಟಿ ಬರೂದಿಲ್ಲ. ನಾನ ಹೋಗ್ತೀನಿ," ಎಂದು ಹಟ ಹಿಡಿದು ಟಿಕೆಟ್ ಮಾಡಿಸಿಕೊಂಡಿದ್ದಳು. ಇನ್ನು ಮೂರು ವಾರ. ಎಪ್ಪತ್ತೊಂದರ ಹೆಂಗಸು, ಮತ್ತೆ ಬರುವುದು ಅಷ್ಟರಲ್ಲೇ ಇದೆ. ಕೇಳುವುದಿದ್ದರೆ ಈ ಮೂರು ವಾರದಲ್ಲಿ ಕೇಳಬೇಕು. ಅವ್ವನನ್ನು ಕೇಳಿ ಪ್ರಯೋಜನವಿಲ್ಲ, ದೇವಿಯನ್ನೇ ಕೇಳಬೇಕು. ಅವ್ವ ಎದುರಿಗೆ ನಿಂತು ನಡುಗುವಾಗ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ, ಉತ್ತರ ಬಾಯಿಂದ ಬರದಿದ್ದರೂ ಮುಖದಿಂದ ತಿಳಿದೀತು ಎಂದು ಸ್ವಪ್ನಾಳ ಲೆಕ್ಕಾಚಾರ. ಆದರೆ ದ್ಯಾಮಣ್ಣನ ಹಲಗೆಯನ್ನು ಎಲ್ಲಿಂದ ತರುವುದು?

ಅದನ್ನು ತಂದವಳು ಸ್ವಪ್ನಾಳ ಮಗಳು ಯಾಮಿನಿ. ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ನಲ್ಲಿ ಇದ್ದುಕೊಂಡು ಓದುವ ಹುಡುಗಿ, ವಾರಕ್ಕೊಮ್ಮೆ ಬಟ್ಟೆ ಒಗೆಯಲು ಮನೆಗೆ ಬರುತ್ತಾಳೆ. ಈ ಸಲ ಬಂದವಳು ಅಡುಗೆಮನೆಯ ಕಟ್ಟೆಯ ಮೇಲೆ ಫೋನಿಟ್ಟು ಏನೋ ಹಾಕಿದಳು. ಮೊದಲು ಒಂದು ತಂತಿಯ ಗುಂಯ್ ಎನ್ನುವ ನಾದ, ಆಮೇಲೆ ಗಂಟಲ ತಳದಿಂದ ಬರುವ ಒಂದು ಗಂಡು ದನಿ, ಅದರ ಹಿಂದೆಯೇ ಚರ್ಮದ ಪೆಟ್ಟು. ಸಾರು ತಿರುವುತ್ತಿದ್ದ ಗೌರವ್ವನ ಸೌಟು ನಿಂತಿತು. ಬಲ ಹೆಗಲು ಒಮ್ಮೆ, ಒಂದೇ ಒಮ್ಮೆ, ಅದುರಿತು. ಸ್ವಪ್ನಾ ನೋಡಿದಳು.

"ಏನೇ ಅದು?" ಎಂದು ಕೇಳಿದಳು.

"ಹಂಗೇರಿಯನ್ ಬ್ಯಾಂಡ್, ಅಮ್ಮ. ಶಾಮನಿಕ್ ಸೈಕೆಡೆಲಿಕ್ ಫೋಕ್. ದೇ ಆರ್ ಪ್ಲೇಯಿಂಗ್ ಹಿಯರ್ ದಿಸ್ ಸಂಡೇ."

"ಸೈಕೆಡೆಲಿಕ್ ಅಂದ್ರೆ? ಏನಾದ್ರೂ ಸೇದ್ಕೊಂಡು ಬಾರಿಸ್ತಾರಾ?"

"ಅಮ್ಮಾ! ನೋ. ಇಟ್ಸ್ ಆಲ್ ಅಕೂಸ್ಟಿಕ್. ಕರೆಂಟೇ ಇಲ್ಲ."

ಪೂಜೆ ಪುನಸ್ಕಾರಕ್ಕೆ ಮೂಗು ಮುರಿಯುವ ಸ್ವಪ್ನಾ ಆ ಸಂಜೆಯೇ ಮೂರು ಟಿಕೆಟ್ ಕೊಂಡಳು. ಗಂಡ ಶಶಿಕಾಂತನಿಗೆ ತಾಯಿಗೊಂದು ಬದಲಾವಣೆ ಬೇಕೆಂದು ಹೇಳಿದಳು. ಮೈಸೂರಿನವನಾದ ಆತ, ಒಳ್ಳೇದು, ಕರ್ಕೊಂಡ್ಹೋಗು ಎಂದು ಮತ್ತೆ ತನ್ನ ಆಫೀಸಿನ ಫೋನ್ ಕಾಲ್‌ಗೆ ಹೋದ. ಶನಿವಾರ ಇಂಡಿಯನ್ ಅಂಗಡಿಯಲ್ಲಿ ಲಿಂಬೆಹಣ್ಣು ಸಿಕ್ಕಿತು, ಅರಿಶಿನ ಸಿಕ್ಕಿತು. ಬೇವಿನ ಸೊಪ್ಪು ಎಲ್ಲಿಯೂ ಸಿಗದೆ ಕೊನೆಗೆ ಕರಿಬೇವನ್ನೇ ತಂದಳು. ದೇವಿ ಇಷ್ಟು ದೂರ ಬರುವವಳು, ಅಷ್ಟಕ್ಕೆ ಮುನಿಯಲಿಕ್ಕಿಲ್ಲ ಎಂದು ಸಮಾಧಾನ ಹೇಳಿಕೊಂಡಳು. ಎಲ್ಲವನ್ನೂ ಒಂದು ಜಿಪ್ ಚೀಲದಲ್ಲಿ ಹಾಕಿ ಕೈಚೀಲದ ತಳಕ್ಕೆ ತುರುಕುವಾಗ ಅವಳಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು. ತಾಯಿಯನ್ನು ಬೋನಿಗೆ ಕರೆದೊಯ್ಯುತ್ತಿದ್ದೇನೆ ಎನಿಸಿತು. ಆದರೂ ತುರುಕಿದಳು.

ಭಾನುವಾರ ಮಧ್ಯಾಹ್ನ ಕಾರಿನಲ್ಲಿ ಗೌರವ್ವ ಒಂದು ಕ್ಷಣ ನೆಟ್ಟಗೆ ಕೂರಲಿಲ್ಲ. ಸೀಟ್ ಬೆಲ್ಟು ಬಿಚ್ಚುವಳು, ಕಾರು ಕಿರುಗುಟ್ಟಿ ಬೈದಾಗ ಮತ್ತೆ ಹಾಕಿಕೊಳ್ಳುವಳು. ತೇಲುಸೇತುವೆಯ ಮೇಲೆ ಬಂದಾಗ ಎರಡೂ ಬದಿಯ ನೀರನ್ನು ನೋಡಿ, "ಇದೊಂದು ದಾಟಬೇಕೇನ ಮತ್ತ," ಎಂದಳು. ಸ್ವಪ್ನಾ ಕೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಉರುಹೊಡೆಯುತ್ತಿದ್ದಳು, ಪರೀಕ್ಷೆಗೆ ಹೊರಟ ಹುಡುಗಿಯ ಹಾಗೆ.

ಸಂಗೀತ ಕಛೇರಿ ಇದ್ದದ್ದು ಒಂದು ಹಳೆಯ ಚರ್ಚಿನ ಸಭಾಂಗಣದಲ್ಲಿ. ಬಾಗಿಲಲ್ಲಿ ಯಾಮಿನಿ ಕಾದಿದ್ದಳು. ಒಳಗೆ ಐವರು ಹಂಗೇರಿಯವರು ತಮ್ಮ ವಾದ್ಯಗಳನ್ನು ಹೊರತೆಗೆಯುತ್ತಿದ್ದರು. ಹಿಡಿಕೆ ತಿರುಗಿಸಿದರೆ ನುಡಿಯುವ ಒಂದು ಮರದ ಪೆಟ್ಟಿಗೆ, ತೂತುಗಳೇ ಇಲ್ಲದ ಉದ್ದನೆ ಕೊಳಲು, ಒಬ್ಬಳ ಹಲ್ಲಿನ ನಡುವೆ ಮೋರ್ಚಿಂಗು. ದೊಡ್ಡ ಪಿಟೀಲಿನಂಥದ್ದೊಂದು ಇತ್ತು, ಅದನ್ನು ಕಮಾನಿನಿಂದ ನುಡಿಸದೆ ಕೋಲಿನಿಂದ ಬಡಿಯುತ್ತಿದ್ದರು. ನಡುವೆ ಒಬ್ಬ ಎತ್ತರದ ಮನುಷ್ಯ, ಯಾಮಿನಿ ಅವನ ಹೆಸರು ಬೋಟೊಂಡ್ ಎಂದಳು, ಬಳೆಯಾಕಾರದ ಚೌಕಟ್ಟಿಗೆ ಚರ್ಮ ಬಿಗಿದ ಹಲಗೆಯೊಂದನ್ನು ಹಿಡಿದು, ಕೂದಲು ಒಣಗಿಸುವ ಯಂತ್ರದಿಂದ ಅದಕ್ಕೆ ಬಿಸಿಗಾಳಿ ಹೊಡೆಯುತ್ತಿದ್ದ.

ಗೌರವ್ವ ನಿಂತುಬಿಟ್ಟಳು. "ಏನ್ ಮಾಡಾಕತ್ತಾನ ಅವ?"

"ಮಳಿಗೆ ಚರ್ಮ ಸಡ್ಲಾಗೈತಿ ಅವ್ವ, ಕಾಸಾಕತ್ತಾನ. ಇಲ್ಲಿ ಬೆಂಕಿ ಹಚ್ಚಂಗಿಲ್ಲ."

"ನಡು ಕಾಸಿದ್ರ ಚರ್ಮ ಸೀಳತೈತಿ," ಎಂದು ಗೌರವ್ವ ಸೀರೆಯ ನೆರಿಗೆ ಎತ್ತಿ ಹಿಡಿದು ಸೀದಾ ವೇದಿಕೆಗೆ ನಡೆದಳು. ಸ್ವಪ್ನಾ ತಡೆಯುವಷ್ಟರಲ್ಲಿ ಅವಳು ಹಲಗೆಯನ್ನು ಅವನ ಕೈಯಿಂದ ತೆಗೆದುಕೊಂಡು ಬೋರಲು ಮಾಡಿ, ಅಂಚಿನ ಸುತ್ತ ಬೆರಳಾಡಿಸಿ ತೋರಿಸಿದ್ದಳು. "ಅಂಚಿಗೆ ಹಿಡಿ. ಹಿಂದಿಂದ. ತಿರುವಕೋತ ಹಿಡಿ." ಬೋಟೊಂಡ್ ಒಂದು ಅಕ್ಷರ ತಿಳಿಯದಿದ್ದರೂ ಎಲ್ಲವನ್ನೂ ತಿಳಿದವನಂತೆ ತಿರುವುತ್ತ ಹಿಡಿದ. ಗೌರವ್ವ ಆಗಾಗ ಬೆರಳಿನಿಂದ ಟಣ್ ಎಂದು ತಟ್ಟಿ ಕಿವಿಗೊಟ್ಟು, ಇನ್ನೂ ಆಗಬೇಕೆಂದು ತಲೆಯಾಡಿಸುವಳು. ಕೊನೆಗೆ ಸಾಕೆಂದು ಕೈ ಮಾಡಿದಾಗ ಅವನು ಬಗ್ಗಿ ಅವಳ ಕೈಗೆ ಹಣೆ ಮುಟ್ಟಿಸಿದ. ನಾಲ್ಕು ವರ್ಷದಲ್ಲಿ ಮೊದಲ ಸಲ ತಾಯಿಯ ಕಾಲು ಒಂದೇ ಕಡೆ ಹತ್ತು ನಿಮಿಷ ನಿಂತದ್ದನ್ನು ಸ್ವಪ್ನಾ ಕಂಡಳು. ಕಂಡು ಸಂತೋಷಪಡುವ ಬದಲು, ಇವತ್ತು ದೇವಿ ಬಂದೇ ಬರುತ್ತಾಳೆ ಎಂದುಕೊಂಡಳು.

ಶುರುವಾಗುವ ಮುಂಚೆ ಬೋಟೊಂಡ್ ಎರಡು ಮಾತು ಆಡಿದ. ತಮ್ಮ ಹಿರಿಯರಲ್ಲಿ ಕೆಲವರು ಹಲಗೆ ಬಾರಿಸುತ್ತ ಮೈಮರೆತು ಬೇರೆ ಲೋಕಕ್ಕೆ ಹೋಗಿ ಮಾತು ತರುತ್ತಿದ್ದರು, ಹಲಗೆ ಅವರ ಕುದುರೆ ಎಂದ. ಯಾಮಿನಿ ಅಜ್ಜಿಯ ಕಿವಿಯಲ್ಲಿ, "ಅಜ್ಜಿ, ದ ಡ್ರಮ್ ಈಸ್ ಅ ಹಾರ್ಸ್. ಕುದುರೆ. ಅವ್ರು ಮೇಲೆ ಹೋಗ್ತಾರೆ," ಎಂದಳು.

"ಇವ್ರು ಹೋಗ್ತಾರೇನು? ನಮ್ಮಲ್ಲಿ ಅಕೀನ ಬರ್ತಾಳ," ಎಂದಳು ಗೌರವ್ವ, ಯಾರ ಮನೆಯ ಪದ್ಧತಿ ಅವರಿಗೆ ಎಂಬಂತೆ.

ಮೊದಲ ಅರ್ಧ ತಾಸು ಸುಮ್ಮನೆ ಹೋಯಿತು. ಪೆಟ್ಟಿಗೆಯ ನಾದ ಜೀರುಂಡೆಯಂತೆ ಒಂದೇ ಸಮ ಕೊರೆಯುತ್ತಿತ್ತು. ಅದರ ಮೇಲೆ ಕೊಳಲು ಬರುವುದು, ಹೋಗುವುದು, ಮೋರ್ಚಿಂಗು ಮಿಡುಕುವುದು. ಜನ ಒಬ್ಬೊಬ್ಬರಾಗಿ ಎದ್ದು ಕುರ್ಚಿಗಳನ್ನು ಗೋಡೆಗೆ ಸರಿಸಿ ನಡುವಿನ ಜಾಗದಲ್ಲಿ ತೂಗಾಡತೊಡಗಿದರು. ಯಾಮಿನಿಯೂ ಅವರೊಳಗೆ ಸೇರಿಕೊಂಡಳು. ಸ್ವಪ್ನಾಳ ಕೈ ಚೀಲದೊಳಗಿತ್ತು, ಬೆರಳು ಜಿಪ್ಪಿನ ಮೇಲಿತ್ತು, ಕಣ್ಣು ತಾಯಿಯ ಹೆಗಲ ಮೇಲಿತ್ತು. ಹೆಗಲು ಅಲುಗಲಿಲ್ಲ. ಗೌರವ್ವ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು, ಬಸ್ ಸ್ಟ್ಯಾಂಡಿನಲ್ಲಿ ಯಾರನ್ನೋ ಎದುರುಗೊಳ್ಳಲು ಬಂದವಳಂತೆ ಕತ್ತು ನೀಡಿ ಕೂತಿದ್ದಳು. ಬರಲಿ ಎಂದು ಅವಳೂ ಕಾಯುತ್ತಿದ್ದಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ದೇವಿ ಮಾತ್ರ ಬರಲೊಲ್ಲಳು.

ಆಗ ಬೋಟೊಂಡ್ ಹಲಗೆಯನ್ನು ತಲೆಯ ಎತ್ತರಕ್ಕೆ ಎತ್ತಿದ. ನಡೆ ಬದಲಾಯಿತು. ಎರಡು ಗಿಡ್ಡ, ಒಂದು ಉದ್ದ, ಮತ್ತೆ ಎರಡು ಗಿಡ್ಡ. ಕೋಲು ಬೀಳುತ್ತಿದ್ದ ಪಿಟೀಲು ಅದಕ್ಕೆ ಜೊತೆಗೂಡಿತು. ಪೆಟ್ಟು ಹತ್ತಿರ ಹತ್ತಿರ ಬೀಳತೊಡಗಿತು, ಸಭಾಂಗಣದ ಮರದ ನೆಲ ಕಾಲಡಿಯಲ್ಲಿ ಗುದ್ದತೊಡಗಿತು. ಸ್ವಪ್ನಾಳ ಎಡ ಮೊಣಕಾಲು ಕುಣಿಯಿತು. ಅವಳು ಅದನ್ನು ಕೈಯಿಂದ ಒತ್ತಿ ಹಿಡಿದಳು. ಕೈಯೂ ಕುಣಿಯಿತು. ಬೆನ್ನಿನ ತಳದಿಂದ ಏನೋ ಎದ್ದು ಮೇಲಕ್ಕೆ ಬಂತು, ಹಲ್ಲು ಕಟಕಟ ಎಂದಿತು. ಇಲ್ಲ, ನನಗಲ್ಲ, ಅವ್ವನಿಗೆ ಎಂದು ಕೂಗಬೇಕೆಂದುಕೊಂಡಳು, ಕೂಗುವ ಮುಂಚೆ ಎದ್ದು ನಿಂತಿದ್ದಳು. ತಲೆಯ ಕ್ಲಿಪ್ಪು ಹಾರಿ ಎಲ್ಲೋ ಬಿತ್ತು. ಪಕ್ಕದಲ್ಲಿ ಕುಣಿಯುತ್ತಿದ್ದ ಬಿಳಿಗಡ್ಡದ ಅಮೆರಿಕನ್ ಒಬ್ಬ ಅವಳನ್ನು ನೋಡಿ ಮೆಚ್ಚಿ ಹೆಬ್ಬೆರಳೆತ್ತಿದ. ಅಲ್ಲಿ ನಡುಗದವರೇ ಕಡಿಮೆಯಿದ್ದರು, ಆದ್ದರಿಂದ ಯಾರೂ ಗಾಬರಿಯಾಗಲಿಲ್ಲ.

ಗೌರವ್ವ ಮಾತ್ರ ತಿಳಿದಳು. ಒಂದು ಗಳಿಗೆ ಮಗಳನ್ನು ದಿಟ್ಟಿಸಿದಳು, ಆಮೇಲೆ ಕುರ್ಚಿಯ ಮೇಲೆ ಬಿದ್ದಿದ್ದ ಕೈಚೀಲಕ್ಕೆ ಕೈ ಹಾಕಿದಳು. ಅದರಲ್ಲಿ ಏನಿದೆಯೆಂದು ಬೆಳಗಿನಿಂದ ಮೂಗಿಗೇ ಗೊತ್ತಾಗಿತ್ತೋ ಏನೋ. ಅರಿಶಿನ ತೆಗೆದು ಸ್ವಪ್ನಾಳ ಹಣೆ ತುಂಬ ಬಳಿದಳು, ಲಿಂಬೆಹಣ್ಣನ್ನು ಅಂಗೈಗೆ ಒತ್ತಿದಳು. ಮರದ ನೆಲದ ಮೇಲೆ ಮೊಣಕಾಲೂರಿ ಮಗಳ ಪಾದ ಹಿಡಿದುಕೊಂಡಳು.

"ಬಂದ್ಯಾ ತಾಯಿ? ನನ್ನ ಬಿಟ್ಟು ಈಕಿ ಹತ್ರ ಬಂದ್ಯಾ? ಬಾ, ಯಾರ ಹತ್ರಾದ್ರೂ ಬಾ, ಬಂದ್ಯಲ್ಲ ಸಾಕು."

ಸ್ವಪ್ನಾಳ ಮೈ ನಡುಗುತ್ತಿತ್ತು, ಅದನ್ನು ನಿಲ್ಲಿಸುವುದು ಅವಳ ಕೈಯಲ್ಲಿರಲಿಲ್ಲ. ಆದರೆ ತಲೆ ತಿಳಿಯಾಗಿತ್ತು. ಕಿಟಕಿಯಾಚೆ ಬಸ್ಸು ಹೋದದ್ದು ಕಂಡಿತು, ಗಡ್ಡದವನ ಬೂಟು ಕಂಡಿತು, ತಾಯಿಯ ಬೈತಲೆಯ ಬಿಳಿಗೂದಲು ಕಂಡಿತು. ಅವ್ವಾ, ಏಳು, ನಾನು ಸ್ವಪ್ನಾ ಎನ್ನಬಹುದಿತ್ತು. ನಾಲಗೆಯ ತುದಿಯಲ್ಲಿಯೇ ಇತ್ತು.

"ಅವತ್ತ ನೀ ಬರ್ಲಿಲ್ಲ," ಎಂದಳು ಗೌರವ್ವ ತಲೆಯೆತ್ತದೆ.

ನಾಲಗೆ ನಿಂತಿತು.

"ಹಲಗಿ ಬಡೀತು, ಮೈ ನಡುಗ್ತು, ನೀ ಬರ್ತಿ ಬರ್ತಿ ಅಂತ ದಾರಿ ನೋಡ್ದೆ. ಬರ್ಲಿಲ್ಲ. ಮಂದಿ ಎಲ್ಲಾ ಬಾಯಿ ನೋಡ್ಕೋತ ಕುಂತಿತ್ತು. ಗಂಡ ಕೇಳ್ದ, ಹುಡುಗೀನ ಕಳಸ್ಲ್ಯೋ ಬ್ಯಾಡೋ ಅಂತ. ಆ ಮನ್ಯಾಗ ನನ್ನ ಸಲುವಾಗಿ ಬಾಯಿ ಮಾಡಾಕಿ ಜಾಹ್ನವಿ ಒಬ್ಬಾಕೀನ ಇದ್ಲು. ಅಕಿ ಹ್ವಾದ್ರ ನಾ ಹೆಂಗ ಇರ್ಲಿ ಅಂತ ಅಂಜಿಕಿ ಆತು. ನಿನ್ನ ಹೆಸರ್ಲೆ ನಾನ ಮಾತಾಡ್ದೆ. ಅದಕ್ಕ ನೀ ಸಿಟ್ಟಾಗಿ ಇಲ್ಲೀತನಕ ನನ್ನ ಅಲದಾಡ್ಸಿದಿ. ಹೌದಿಲ್ಲೋ?"

ಉತ್ತರ ಸಿಕ್ಕಿತ್ತು. ಕೇಳದೆಯೇ ಸಿಕ್ಕಿತ್ತು. ಬೈಯಲೆಂದು ಇಪ್ಪತ್ತೈದು ವರ್ಷ ಕೂಡಿಟ್ಟ ಮಾತುಗಳೆಲ್ಲ ಎದ್ದು ಬಂದವು, ಈಗ ಆಡಿದರೆ ಅವು ಮಗಳ ಬೈಗುಳವಲ್ಲ, ದೇವಿಯ ಶಾಪ. ಪಾದ ಹಿಡಿದ ಈ ಮುದುಕಿ ಅದನ್ನು ಹೊತ್ತುಕೊಂಡೇ ವಿಮಾನ ಹತ್ತುತ್ತಾಳೆ. ಸ್ವಪ್ನಾಳಿಗೆ ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೇ ಹೆದರಿಕೆ ಬಂತು. ಅವತ್ತು ಗುಡಿಯ ಮುಂದೆ ಅವ್ವ ನಿಂತದ್ದೂ ಹೀಗೆಯೇ. ನಡುಕವೇನೋ ನಿಜ, ಮಾತಷ್ಟೇ ತನ್ನದು. ಎರಡರ ನಡುವೆ ಇದ್ದದ್ದು ಎಷ್ಟು ಸಣ್ಣ ಹೆಜ್ಜೆ ಎಂದು ಇವತ್ತು ಅವಳಿಗೆ ತಿಳಿಯಿತು, ಏಕೆಂದರೆ ಆ ಹೆಜ್ಜೆಯನ್ನು ಅವಳೂ ಇಡುವವಳಿದ್ದಳು. ಬೇಡ, ಬಾಯಿ ಮುಚ್ಚಿಕೊ ಎಂದು ತನಗೆ ತಾನೇ ಹೇಳಿಕೊಂಡಳು. ಬಾಯಿ ತೆರೆಯಿತು.

"ಜಾಹ್ನವಿಗೆ ಹೇಳು."

ದನಿ ಅವಳದೇ, ಆದರೆ ವರಸೆ ಮಂಗಳವಾರದ ಗೌರವ್ವನದು. ಗೌರವ್ವ ಬೆಚ್ಚಿ ತಲೆಯೆತ್ತಿದಳು.

"ಏನಂತ ಹೇಳ್ಲಿ ತಾಯಿ?"

"ನನಗ ಹೇಳಿದ್ದನ್ನ ಅಕಿಗೆ ಹೇಳು."

"ಅಕಿ ನನ್ನ ಕೂಡ ಮಾತಾಡಂಗಿಲ್ಲ."

"ಹೇಳು."

"ಹೇಳಿದ್ರ ಮತ್ತ ನನ್ನ ಹತ್ರ ಬರ್ತಿ?"

ಸ್ವಪ್ನಾ ತನ್ನ ಬಾಯಿಂದ ಏನು ಬೇಕಾದರೂ ಹೇಳಬಹುದು, ದ್ಯಾಮವ್ವನ ಪರವಾಗಿ ಮಾತು ಕೊಡಲು ಅವಳು ಯಾರು? ಹಲಗೆ ಒಮ್ಮೆಲೆ ನಿಂತಿತು. ಪೆಟ್ಟಿಗೆಯ ನಾದವೊಂದೇ ಉಳಿದು, ಅದೂ ಸಣ್ಣಗಾಗಿ ಆರಿತು. ಜನ ಚಪ್ಪಾಳೆ ತಟ್ಟಿದರು, ಕೂಗಿದರು. ಸ್ವಪ್ನಾ ಕುರ್ಚಿಯಲ್ಲಿ ಕುಸಿದಳು. ಯಾಮಿನಿ ಬೆವರು ಒರೆಸುತ್ತ ಓಡಿಬಂದು, "ಓ ಮೈ ಗಾಡ್, ಅಮ್ಮ, ಯು ವರ್ ಡ್ಯಾನ್ಸಿಂಗ್! ವಾಟ್ಸ್ ಆನ್ ಯುವರ್ ಫೇಸ್?" ಎಂದಳು.

ಗೌರವ್ವ ಪಾರ್ಕಿಂಗ್ ಜಾಗದವರೆಗೂ ಮಗಳ ತೋಳು ಹಿಡಿದುಕೊಂಡೇ ಬಂದಳು. ಸಂಜೆ ಐದೂವರೆ, ಮಳೆ ಹಿಡಿದಿತ್ತು. ಯಾಮಿನಿಯನ್ನು ಹಾಸ್ಟೆಲಿನ ಹತ್ತಿರ ಇಳಿಸಬೇಕಿತ್ತು, ಅವಳು ಹಿಂದಿನ ಸೀಟಿನಲ್ಲಿ ಕೂತು ತನ್ನ ವಿಡಿಯೋಗಳನ್ನು ನೋಡಿಕೊಳ್ಳುತ್ತಿದ್ದಳು. ಸ್ವಪ್ನಾ ಕನ್ನಡಿಯಲ್ಲಿ ನೋಡಿಕೊಂಡು ಹಣೆಯ ಅರಿಶಿನವನ್ನು ಕಾಗದದಿಂದ ತಿಕ್ಕಿದಳು. ತಿಕ್ಕಿದಷ್ಟೂ ಅದು ಹರಡಿತು. ಅಪ್ಪಿಕೊಳ್ಳಬೇಕೋ ಬೈಯಬೇಕೋ ಎಂಬುದು ಇಂದು ತೀರ್ಮಾನವಾಗುತ್ತದೆ ಎಂದು ಬಂದವಳಿಗೆ, ಈಗ ಎರಡಕ್ಕೂ ಕೈ ಬಾಯಿ ಏಳುತ್ತಿರಲಿಲ್ಲ.

"ಜಾಹ್ನವಿಗೆ ಫೋನ್ ಹಚ್ಚು," ಎಂದಳು ಗೌರವ್ವ.

"ಈಗ? ಇಲ್ಲೇ? ಮನಿಗೆ ಹೋಗಿ ಹಚ್ಚೂಣು ಅವ್ವ."

"ಈಗ ಹಚ್ಚು. ಮನಿಗೆ ಹೋಗೂತನಕ ನನ್ನ ಧೈರ್ಯ ಇರಂಗಿಲ್ಲ."

ಹಾವೇರಿಯಲ್ಲಿ ಸೋಮವಾರ ಬೆಳಗಿನ ಆರು ಗಂಟೆ. ಎರಡೇ ರಿಂಗಿಗೆ ಜಾಹ್ನವಿಯ ದನಿ ಕಾರಿನ ತುಂಬ ಕೇಳಿತು: "ಏನ ಸ್ವಪ್ನಾ, ಇಷ್ಟ್ ಲಗೂ?"

"ಸ್ವಪ್ನಾ ಅಲ್ಲ. ನಾ," ಎಂದಳು ಗೌರವ್ವ.

ಆ ಕಡೆ ನಲ್ಲಿಯ ನೀರು ಬೀಳುವ ಸದ್ದು. ನಲ್ಲಿ ನಿಂತಿತು.

"ಇಡಬ್ಯಾಡ. ನೀ ಮಾತಾಡಬ್ಯಾಡ, ಕೇಳು ಅಷ್ಟ. ನಿನ್ನ ಪೊಲೀಸ್ ನೌಕರಿ ಬ್ಯಾಡ ಅಂದಾಕಿ ದ್ಯಾಮವ್ವ ಅಲ್ಲ. ಅಕಿ ಅವತ್ತ ಬಂದಿದ್ದಿಲ್ಲ. ನಾನ ಅಂದೆ. ನೀ ಹ್ವಾದ್ರ ನನಗ ಯಾರೂ ಇಲ್ಲಂತ ಅಂದೆ."

ಲೈನು ಕಟ್ಟಾಯಿತು.

ಗೌರವ್ವ ಕಾರಿನ ಪರದೆಯನ್ನೇ ನೋಡುತ್ತ ಕೂತಳು. ಯಾಮಿನಿ ಫೋನಿನಿಂದ ಕಣ್ಣೆತ್ತಿ, "ಅಜ್ಜಿ ಓಕೇನಾ?" ಎಂದಳು. ಮಳೆ ಕಾರಿನ ತಗಡಿನ ಮೇಲೆ ಬೀಳುತ್ತಿತ್ತು.

"ಮತ್ತ ಹಚ್ಚು," ಎಂದಳು ಗೌರವ್ವ.

ಸ್ವಪ್ನಾ ಮತ್ತೆ ಹಚ್ಚಿದಳು. ಏಳು ರಿಂಗಾಯಿತು, ಎತ್ತಲಿಲ್ಲ. ಮೂರನೆಯ ಸಲ ಹಚ್ಚಿದಳು. ಈ ಬಾರಿ ಜಾಹ್ನವಿ ಎತ್ತಿದಳು. ಮೂಗು ಕಟ್ಟಿದ ದನಿಯಲ್ಲಿ, ಒಂದೊಂದೇ ಮಾತು ಬಿಡಿಬಿಡಿಯಾಗಿ ಕೇಳಿದಳು: "ಇಪ್ಪತ್ತೈದ ವರ್ಷ ಸುಮ್ನಿದ್ದಾಕಿ ಇವತ್ಯಾಕ ಹೇಳಾಕತ್ತಿ?"

"ಇವತ್ತ ಅಕೀನ ಬಂದು ಹೇಳು ಅಂದ್ಲು. ಸ್ವಪ್ನಾನ ಮೈಯಾಗ ಬಂದಿದ್ಲು. ಇಲ್ಲೊಬ್ಬ ಬಿಳಿ ಮನಷ್ಯಾ ಹಲಗಿ ಬಡದ, ಥೇಟ್ ನಮ್ಮ ದ್ಯಾಮಣ್ಣನಂಗ. ಬಂದ್ಲು ನೋಡು ಸಮುದ್ರಾ ದಾಟಿ." ಗೌರವ್ವನ ದನಿಯಲ್ಲಿ ನಾಲ್ಕು ವರ್ಷದಿಂದ ಕೇಳದಿದ್ದ ಒಂದು ನೆಮ್ಮದಿ ಇತ್ತು.

ಜಾಹ್ನವಿ ತಂಗಿಯನ್ನು ಕೇಳಿದಳು. ಅವಳು ಖಾಕಿ ತೊಟ್ಟಿದ್ದರೆ ಆ ದನಿಗೆ ಕಳ್ಳರು ನಿಂತಲ್ಲಿಯೇ ಒಪ್ಪಿಕೊಳ್ಳುತ್ತಿದ್ದರು.

"ಸ್ವಪ್ನಾ, ನೀನೂ ಅಲ್ಲೇ ಇದ್ದೀಯಲ್ಲ? ಖರೇ ಹೇಳು. ಬಂದಿದ್ದು ದೇವೀನೋ, ಮಾತಾಡಿದ್ದು ನೀನೋ?"

ಗೌರವ್ವ ನಗುಮುಖದಿಂದ ಮಗಳ ಕಡೆ ತಿರುಗಿದಳು. ದೇವಿ ಎಂದರೆ ಸಾಕಿತ್ತು. ತಾಯಿಯ ಕಾಲು ಇನ್ನು ಅಲೆದಾಡುವುದಿಲ್ಲ, ಹಾಯಾಗಿ ವಿಮಾನ ಹತ್ತಿ ಹೋಗುತ್ತಾಳೆ. ಅಕ್ಕನಿಗೆ ಮಾತ್ರ ದೇವಿಯ ಹೆಸರಿನಲ್ಲಿ ಎರಡನೆಯ ಸಲ ಸುಳ್ಳು ಹೇಳಿದಂತಾಗುತ್ತದೆ, ಮೊದಲನೆಯದು ಏನು ಮಾಡಿತೆಂದು ಸ್ವಪ್ನಾ ಕಂಡಿದ್ದಳು. ತಾಯಿಯ ಮುಖ ನೋಡಿಯೇ ಹೇಳಬೇಕೆಂದು ತಾಯಿಯ ಮುಖ ನೋಡಿದಳು.

"ನಾನ ಅಕ್ಕ. ನಡುಕ ಖರೇನ ಬಂತು. ಮಾತು ನನ್ವು."

ಗೌರವ್ವನ ನಗು ಒಮ್ಮೆಲೆ ಹೋಗಲಿಲ್ಲ. ಮೊದಲು ತುಟಿಯಿಂದ ಹೋಯಿತು, ಆಮೇಲೆ ಕಣ್ಣಿನಿಂದ. ಸೀಟ್ ಬೆಲ್ಟು ಬಿಚ್ಚಿದಳು. ಕಾರಿನ ಬಾಗಿಲ ಹಿಡಿಕೆಗೆ ಕೈ ಹಾಕಿದಳು. ಇಳಿದು ಮಳೆಯಲ್ಲಿ ನಡೆದೇ ಬಿಡುತ್ತಾಳೆ ಎಂದು ಸ್ವಪ್ನಾ ಅವಳ ಸೆರಗು ಹಿಡಿದುಕೊಂಡಳು, ಚಿಕ್ಕವಳಿದ್ದಾಗ ಗುಡಿಗೆ ಹೋಗಬೇಡವೆಂದು ಹಿಡಿಯುತ್ತಿದ್ದ ಹಾಗೆ. "ಹೋಗಬ್ಯಾಡವ್ವಾ," ಎಂದಳು, ಅಳು ಬಂತು, ಅತ್ತಳು. ಗೌರವ್ವನ ಕೈ ಹಿಡಿಕೆಯ ಮೇಲೆಯೇ ಇತ್ತು.

"ನೀನೂ ಹಂಗ ಮಾಡಿದ್ಯಾ," ಎಂದಳು. ಬೈಗುಳವಾಗಿರಲಿಲ್ಲ. ದಣಿದಿದ್ದಳು. ಕೈಯನ್ನು ಹಿಡಿಕೆಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಆ ಕಡೆ ಹಾವೇರಿಯಲ್ಲಿ ಜಾಹ್ನವಿ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯುವಂತಿರಲಿಲ್ಲ. ಹಿಂದಿನಿಂದ ಯಾಮಿನಿ ಕೈ ಚಾಚಿ ಅಜ್ಜಿಯ ಹೆಗಲ ಮೇಲೆ ಇಟ್ಟಳು. ಮುಂದೆ ಏನು ಹೇಳಬೇಕೆಂದು ತಾಯಿ ಮಕ್ಕಳು ಮೂವರಿಗೂ ಗೊತ್ತಿರಲಿಲ್ಲ, ಆದರೆ ಯಾರೂ ಫೋನ್ ಇಡಲಿಲ್ಲ.